ಹೊಸ ಪೆಟ್ರೋಲಿನ ವಾಸನೆ

ಹಿತ್ತಿಲ ಮೆಟ್ಟಿಲಿನಿಂದ,
ಭಾನುವಾರ, ಊಟವಾದ ಮೇಲೆ

ನನ್ನ ಮೊಂಡ ತಮ್ಮನಿಗೆ,

ಹೇಗಿದ್ದೀಯೋ? ಹೊಟ್ಟೆಗೆ ಸರಿಯಾಗಿ ತಿನ್ನುತ್ತೀಯೋ ಇಲ್ಲ ಬರೀ ಚಹಾ ಕುಡಿದು ದಿನ ತಳ್ಳುತ್ತೀಯೋ? ಉತ್ತರ ಬರುವುದಿಲ್ಲ ಎಂದು ಗೊತ್ತಿದ್ದೂ ಕೇಳುತ್ತಿದ್ದೇನೆ, ಮೊಂಡತನದಲ್ಲಿ ನಾನು ನಿನಗೆ ಅಕ್ಕನೇ. ಹಾಕಿದ ಕಾಗದಗಳು ವಾಪಸ್ ಬರುತ್ತಿಲ್ಲ, ಹಾಗಾಗಿ ನೀನು ಓದುತ್ತಿದ್ದೀಯ ಎಂದು ನಂಬಿದ್ದೇನೆ. ಅಮ್ಮ ನಂಬಿಲ್ಲ. “ಬದುಕಿದ್ದಿದ್ರೆ ಒಂದು ಸಾಲಾದ್ರೂ ಗೀಚ್ತಿರಲಿಲ್ವೇನೇ” ಎಂದು ಸೆರಗು ಬಾಯಿಗೆ ಒತ್ತಿಕೊಳ್ಳುತ್ತಾಳೆ. ಅಪ್ಪನ ಮುಂದಂತೂ ನಿನ್ನ ಸುದ್ದಿ ಎತ್ತುವ ಹಾಗಿಲ್ಲ. ಎತ್ತಿದರೆ ತಟ್ಟೆ ಸರಿಸಿ ಎದ್ದುಬಿಡುತ್ತಾರೆ.

ಈಗ ವಿಷಯಕ್ಕೆ ಬರುತ್ತೇನೆ. ಅಪ್ಪ ಕಾರನ್ನು ಗುಜರಿಗೆ ಕೊಡುತ್ತಿದ್ದಾರೆ. ನೀನು ಓಡಿಸಲು ಕಲಿಯುವಾಗ ಕಾಂಪೌಂಡಿಗೆ ಗುದ್ದಿ, ತಪ್ಪೆಲ್ಲ ಕಾಂಪೌಂಡಿನದೇ ಎಂದು ವಾದಿಸಿದ್ದೆಯಲ್ಲ, ಅದೇ ಕಾರು. ನೀನು ಜಗಳವಾಡಿ ಹೊರಟುಹೋದ ಮೇಲೆ ಅಪ್ಪ ಅದನ್ನು ಹಿಂದಿನ ಗಲ್ಲಿಯ ಶೆಡ್ಡಿನಲ್ಲಿಟ್ಟು ಬೀಗ ಜಡಿದರು. ನಾಲ್ಕು ವರ್ಷದಿಂದ ಅದನ್ನು ಯಾರೂ ಮುಟ್ಟಿಲ್ಲ ಎಂದೇ ಅಂದುಕೊಂಡಿದ್ದೆ. ಅಮ್ಮನದು ಮಾತ್ರ ಬೇರೆಯೇ ರಾಗ. ಬೆಳಕು ಹರಿಯುವ ಹೊತ್ತಿಗೆ, ಅಪ್ಪ ವಾಕಿಂಗ್ ಹೋದ ಮೇಲೆ, ಆ ಕಡೆಯಿಂದ ಕಾರು ಕೆಮ್ಮುವ ಸದ್ದು ಕೇಳುತ್ತದಂತೆ. ಆಮೇಲೆ ಮನೆಯೊಳಗೆಲ್ಲ ಪೆಟ್ರೋಲಿನ ವಾಸನೆಯಂತೆ. ಎದ್ದು ಹೋಗಿ ನೋಡಲು ಕಾಲೇ ಬರುವುದಿಲ್ಲವಂತೆ. ನಾನೋ, ಮಲಗಿದರೆ ಕುಂಭಕರ್ಣನ ತಂಗಿ, ಏನೂ ಕೇಳಿಸಿದ್ದಿಲ್ಲ. “ಸತ್ತವ್ರು ಪೆಟ್ರೋಲ್ ಹಾಕಿಸ್ತಾರೇನಮ್ಮಾ, ಸುಮ್ನಿರು” ಎಂದು ಗದರುತ್ತಿದ್ದೆ.

ಇವತ್ತು ಬೆಳಿಗ್ಗೆ ಮೀಸೆ ಮೆಕ್ಯಾನಿಕ್ ಬಂದ. ಟ್ಯಾಂಕಿನಲ್ಲಿ ಪೆಟ್ರೋಲ್ ಇದ್ದರೆ ಗುಜರಿಯವರು ಗಾಡಿ ಎತ್ತುವುದಿಲ್ಲ, ಕತ್ತರಿಸುವಾಗ ಒಂದು ಕಿಡಿ ಹಾರಿದರೆ ಮುಗಿಯಿತು ಕಥೆ. ಶೆಡ್ಡಿನೊಳಗೆ ಆವಿ ಕಟ್ಟಿಕೊಳ್ಳುತ್ತದೆ ಎಂದು ಕಾರನ್ನು ಬಯಲಿಗೆ ತಳ್ಳಿಸಿದ. ನಮ್ಮ ಒಲೆ ಆರಿಸಲು ಹೇಳಿದ, ನನ್ನ ಮೊಬೈಲ್ ಒಳಗಿಡಿಸಿದ, ಪಕ್ಕದಲ್ಲಿ ಒಂದು ಬಕೆಟ್ ಮರಳು ತರಿಸಿಟ್ಟುಕೊಂಡ. ಮೊದಲು ಬ್ಯಾಟರಿ ಬಿಚ್ಚಬೇಕಂತೆ. ಬಾನೆಟ್ ಎತ್ತಲೆಂದು ಡ್ರೈವರ್ ಕಡೆಯ ಬಾಗಿಲು ತೆಗೆದ ನೋಡು, ಒಳಗಿನ ದೀಪ ಹೊತ್ತಿಕೊಂಡಿತು. ಅಯ್ಯೋ, ನಾಲ್ಕು ವರ್ಷ ನಿಂತ ಕಾರಿನ ಬ್ಯಾಟರಿ ಎಂದೋ ಸತ್ತಿರಬೇಕಿತ್ತಲ್ಲವೇನೋ! ಕಾರಿನ ಮೈಮೇಲೆ ಬೆರಳಲ್ಲಿ ಬರೆಯುವಷ್ಟು ಧೂಳಿತ್ತು, ಆ ಬಾಗಿಲಿನ ಹಿಡಿ ಮಾತ್ರ ಒರೆಸಿಟ್ಟ ಹಾಗಿತ್ತು.

ಮೀಸೆ ಮೆಕ್ಯಾನಿಕ್ ಬ್ಯಾಟರಿ ಬಿಚ್ಚಿ ದೂರ ಇಟ್ಟು, ಕೈಪಂಪಿನ ಪೈಪನ್ನು ಟ್ಯಾಂಕಿಗೆ ಇಳಿಸಿದ. “ಬಾಯಲ್ಲಿ ಎಳೆಯೋ ಶೂರರೆಲ್ಲ ಆಸ್ಪತ್ರೇಲಿ ಮಲಗಿದ್ದಾರೆ ಅಕ್ಕಾ” ಎಂದು ನಗುತ್ತಲೇ ಪಂಪು ಒತ್ತಿದ. ಡಬ್ಬಿಗೆ ಬಿದ್ದದ್ದನ್ನು ಕಂಡು ಅವನ ನಗು ನಿಂತಿತು. ವರ್ಷಗಟ್ಟಲೆ ನಿಂತ ಪೆಟ್ರೋಲ್ ಕಂದುಬಣ್ಣಕ್ಕೆ ತಿರುಗಿ ವಾರ್ನಿಷ್ ನಾತ ಹೊಡೆಯುತ್ತದಂತೆ. ಇದು ತಿಳಿಯಾಗಿತ್ತು, ಬಂಕಿನಲ್ಲಿ ಮೂಗಿಗೆ ಬಡಿಯುತ್ತದಲ್ಲ, ಅದೇ ವಾಸನೆ. “ಇದು ಮೊನ್ನೆ ಮೊನ್ನೆ ಹಾಕಿಸಿದ್ದು. ಯಾರು ಓಡಿಸ್ತಿದ್ದೀರಿ?” ಎಂದ. ಅಮ್ಮ ನನ್ನ ತೋಳು ಹಿಡಿದಳು. “ಅವನೇ ಕಣೇ. ಮನೆ ತನಕ ಬರ್ತಾನೆ. ಒಳಗೆ ಬರೋಕೆ ಪಾಪ, ಮೈಯೇ ಇಲ್ಲ ಅವನಿಗೆ” ಎಂದಳು. ಅಪ್ಪ ಆ ಕಡೆ ಮುಖ ಮಾಡಿ ನಿಂತಿದ್ದರು. ಒಂದು ಡಬ್ಬಿ ತುಂಬಿ ಇನ್ನೊಂದು ತರಬೇಕಾಯಿತು. ಎರಡನ್ನೂ ಬಿಗಿಯಾಗಿ ಮುಚ್ಚಿ ಅವನೇ ಒಯ್ದ. ಟ್ಯಾಂಕ್ ಖಾಲಿಯಾದರೂ ಒಳಗೆ ಆವಿ ಇರುತ್ತದೆ, ತುಂಬಿದ್ದಕ್ಕಿಂತ ಅದಕ್ಕೇ ಜಾಸ್ತಿ ಹೆದರಬೇಕು, ಬೆಂಕಿ ಸುಳಿಯಕೂಡದು ಎಂದು ಹೇಳಿಹೋದ.

ಅಮ್ಮ ಊಟ ಮುಟ್ಟದೆ ಗೋಡೆ ಕಡೆ ತಿರುಗಿ ಮಲಗಿದ್ದಾಳೆ. ಇಷ್ಟು ದಿನ ಅವಳಿಗೆ ಧೈರ್ಯ ಹೇಳುತ್ತಿದ್ದ ನನಗೇ ಈಗ ಹೆದರಿಕೆಯಾಗುತ್ತಿದೆ ಕಣೋ. ಆ ದೀಪ ಕಣ್ಣು ಮುಚ್ಚಿದರೂ ಕಾಣುತ್ತದೆ. ನಾಳೆ ಲಾರಿ ಬರುತ್ತದೆ. ಎಲ್ಲಿದ್ದರೂ ಬೆಚ್ಚಗಿರು, ಹೊತ್ತಿಗೆ ಸರಿಯಾಗಿ ಉಣ್ಣು, ನೂರು ಕಾಲ ಬಾಳು.

ಇಂತಿ, ನಿನ್ನ ಕಿವಿ ಹಿಂಡುವ ಹಕ್ಕಿರುವ
ಅಕ್ಕ

ತಾ.ಕ.: ಲಕೋಟೆ ಅಂಟಿಸುತ್ತಿದ್ದೆ, ಕಾರಿನ ಬಾಗಿಲು ಬಡಿದ ಸದ್ದಾಯಿತು. ಓಡಿದೆ. ಅಪ್ಪ ಒಳಗೆ ಕೂತು, ಬ್ಯಾಟರಿ ಇಲ್ಲದ ಕಾರಿನ ಕೀಲಿ ತಿರುಗಿಸುತ್ತಿದ್ದರು. “ನೀವೇ ಬಂದು ಕರೆದ್ರೆ ಮಾತ್ರ ಬರ್ತೀನಿ ಅಂದಿದ್ದ ಕಣಮ್ಮಾ ಅವನು. ಡಬ್ಬೀಲಿ ಪೆಟ್ರೋಲ್ ತಂದು ಹಾಕಿ ಭಾನುವಾರ ಭಾನುವಾರ ಹೊರಡ್ತಿದ್ದೆ. ಗಲ್ಲಿ ತಿರುವು ದಾಟೋಕೆ ಆಗ್ಲೇ ಇಲ್ಲ, ಹಾಳು ಬಿಗುಮಾನ” ಎಂದು ಮಗುವಿನ ಹಾಗೆ ಅತ್ತರು. ಕಣ್ಣಿನ ನರ ಒಣಗುತ್ತಿದೆ, ಇನ್ನು ಸ್ಟಿಯರಿಂಗ್ ಹಿಡಿಯಲೇಬಾರದು ಎಂದು ಡಾಕ್ಟರು ಹೇಳಿದ್ದಾರಂತೆ, ಅದಕ್ಕೇ ಗುಜರಿ. ಅಮ್ಮನಿಗೆ ಹೇಗೆ ಹೇಳಲೋ? ಬಂದದ್ದು ನೀನಲ್ಲ ಎಂದರೆ ಅವಳಿಗೆ ಆ ದೆವ್ವವೂ ಇಲ್ಲದಂತಾಗುತ್ತದೆ. ಅಪ್ಪ ಇನ್ನು ಬರಲಾರರು. ಹತ್ತಿರ ನಿಂತರೆ ಮುಖ ಗುರುತು ಹಿಡಿಯುತ್ತಾರೆ, ಈಗಿನ್ನೂ. ಕಾಗದ ಬರೆಯಬೇಡ, ಬಸ್ಸು ಹತ್ತು.