ಭಂಡಾರ ಹಿಡಿದು ಆಡಿದ ಮಾತು

ಮಸರಕಲ್
ತಾ. ೧೪-೧೧-೧೯೮೪

ನನ್ನ ಮಗಳು ಬಾಲಮ್ಮನಿಗೆ, ನಿನ್ನ ಅಪ್ಪ ಮಾಳಿಂಗಪ್ಪ ಬೀರಪ್ಪನನ್ನು ನೆನೆದು ಮಾಡುವ ಆಶೀರ್ವಾದ.

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ ಎಂದು ಬರೆಯುವುದು ರೂಢಿ. ಬರೆದಿದ್ದೇನೆ, ನಂಬುವುದು ಬಿಡುವುದು ನಿನಗೆ ಸೇರಿದ್ದು. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಕುರಿ ಉಣ್ಣೆ ಕತ್ತರಿಸುವ ಕೆಲಸವಿತ್ತು ಎಂದು ನೆಪ ಹೇಳಬಹುದು. ನಿಜ ಹೇಳಬೇಕೆಂದರೆ ಮೂರು ಸಲ ಬರೆದು ಮೂರು ಸಲ ಒಲೆಗೆ ಹಾಕಿದೆ. ನಿಮ್ಮವ್ವ, "ಕಾಗದ ಸುಟ್ಟು ಚಾ ಕಾಸಾಕತ್ತೀ ಏನು?" ಎಂದು ಬೈದಳು.

ರಾಯಚೂರಿನಲ್ಲಿ ಬಡೇಬೀ ನಿನಗೆ ಹೊಲಿಗೆ ಚೆನ್ನಾಗಿ ಕಲಿಸುತ್ತಿದ್ದಾಳೆಂದು ತಿಳಿದು ಸಮಾಧಾನವಾಯಿತು. ಒಂದೇ ಕಾಲಿನಲ್ಲಿ ಮಷೀನು ತುಳಿಯುವುದು ರೂಢಿಯಾಯಿತೆಂದು ಬರೆದಿದ್ದೀಯ. ಆ ಸಾಲು ಓದಿ ಹೊರಗೆ ಹೋಗಿ ಕುರಿಹಟ್ಟಿಯಲ್ಲಿ ಕುಳಿತೆ. ದೇವದುರ್ಗದ ರಸ್ತೆಯಲ್ಲಿ ಆ ಹತ್ತಿ ಲಾರಿ ನಿನ್ನ ಬಲಗಾಲು ತೆಗೆದುಕೊಂಡು ಎರಡು ವರ್ಷವಾಯಿತು. ಈಗಲೂ ಹಟ್ಟಿಯ ಬಾಗಿಲು ಹಾಕುವಾಗ ನೀನು ಓಡಿ ಬರುತ್ತಿದ್ದೀಯೇನೋ ಎಂದು ಹಿಂದಿರುಗಿ ನೋಡುತ್ತೇನೆ.

ಊರಿನ ಸುದ್ದಿ ಒಂದೇ. ನಿನ್ನ ಸೋದರಮಾವ ಬೂದೆಪ್ಪನಿಗೆ ಕಲ್ಲೂರಿನ ಹೆಣ್ಣು ಗೊತ್ತಾಗಿದೆ. ಬರುವ ಸೋಮವಾರ ಮದುವೆ. ಬೇರೆಯವರ ಬಾಯಿಂದ ನೀನು ಇದನ್ನು ಕೇಳಬಾರದೆಂದು ಬರೆಯುತ್ತಿದ್ದೇನೆ. ನೀನು ತೊಟ್ಟಿಲಲ್ಲಿದ್ದಾಗಲೇ ಅವನಿಗೆ ಎಂದು ಮಾತಾಗಿತ್ತು. ಕಾಲು ಹೋದ ಮೇಲೂ ಅವನು ಮಾತು ಬದಲಿಸಲಿಲ್ಲ. ಆಸ್ಪತ್ರೆಯಲ್ಲಿ ನಿನ್ನ ಮಂಚದ ಪಕ್ಕ ಕುಳಿತು, "ಕಾಲಿಲ್ಲಂದ್ರ ಏನಾತು? ಹೆಗಲ ಮ್ಯಾಲೆ ಹೊತ್ಕೊಂಡು ಕುರಿ ಕಾಯ್ತೀನಿ" ಎಂದು ನಿನ್ನನ್ನು ನಗಿಸಿದವನು ಅವನು. ಅಂಥವನು ಕೋರ್ಟಿನ ಕಟಕಟೆ ಹತ್ತಿ, "ಕುಂಟೀನ ನಾ ಲಗ್ನ ಆಗಂಗಿಲ್ರೀ" ಎಂದ. ಅಂದಿನಿಂದ ನೀನು ಅವನ ಹೆಸರೆತ್ತಿಲ್ಲ, ಮನೆಗೂ ಬಂದಿಲ್ಲ.

ಬಾಲಮ್ಮ, ಅದು ಸುಳ್ಳು. ನಾವು ಹೇಳಿಕೊಟ್ಟ ಮಾತು.

ಪರಿಹಾರದ ಕೇಸು ನಡೆಸುತ್ತಿದ್ದ ನಮ್ಮ ವಕೀಲ ರಾಮಣ್ಣನವರು, "ಹುಡುಗಿ ಲಗ್ನ ಮುರೀತು ಅಂತ ಜಡ್ಜ್ ಸಾಹೇಬ್ರಿಗೆ ಖಾತ್ರಿ ಆದ್ರ ಅದಕ್ಕ ಬ್ಯಾರೆ ಪರಿಹಾರ ಕೊಡ್ತಾರ" ಎಂದಿದ್ದರು. ಬೂದೆಪ್ಪ ಒಲ್ಲೆನೆಂದ. ಮೂರು ದಿನ ಊಟ ಬಿಟ್ಟ. ನಾನೇ ಗಂಟುಬಿದ್ದೆ. "ಕೋರ್ಟಿನ ಮಾತು ಕೋರ್ಟಿನ್ಯಾಗ ಉಳೀತದಲೇ. ತೀರ್ಪಾದ ತಿಂಗಳಿಗೇ ನಿಮ್ಮಿಬ್ಬರ ಲಗ್ನದ ಅಕ್ಕಿಕಾಳು ಹಾಕಿಸ್ತೀನಿ" ಎಂದೆ. ಮುಂದೆ ನೀನು ಯಾರ ಮುಂದೆಯೂ ಕೈಚಾಚಬಾರದು ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಅವನು ಭಂಡಾರ ಹಿಡಿಯುತ್ತಾನೆಂದು ಯಾರಿಗೆ ಗೊತ್ತಿತ್ತು? ಕಟಕಟೆಯಲ್ಲಿ ನಿಂತವನು ಧೋತರದ ಗಂಟು ಬಿಚ್ಚಿ, ಬೀರಪ್ಪನ ಅರಿಶಿನದ ಪುಡಿಯನ್ನು ಅಂಗೈಯಲ್ಲಿ ಹಿಡಿದು ಮಾತಾಡಿದ. ನೀನೂ ನೋಡಿದೆ. ಭಂಡಾರ ಹಿಡಿದವನು ಸುಳ್ಳಾಡುವುದಿಲ್ಲ ಎಂದು ನೀನು ನಂಬಿದ್ದರಲ್ಲಿ ತಪ್ಪಿಲ್ಲ. ಹೊರಗೆ ಬಂದ ಮೇಲೆ ನಾನು ಸಿಟ್ಟಿನಿಂದ ಕೇಳಿದರೆ, "ಸುಳ್ಳು ಹೇಳಾಕ ಹೊಂಟೀನಿ, ಮೊದ್ಲ ದೇವರ ಮಾಫಿ ಕೇಳೋಣಂತ ಹಿಡಿದೆ ಮಾವಾ" ಎಂದ ಆ ಹುಚ್ಚಪ್ಪ.

ಅಪಘಾತ ಕಂಡ ಸಾಕ್ಷಿಯೆಂದು ನಮ್ಮ ಗುಡಿಯ ಪೂಜಾರಿ ಯಮನೂರಪ್ಪನೂ ಅಲ್ಲೇ ಕುಳಿತಿದ್ದನಲ್ಲ. ಈ ಬೇಸಿಗೆಯಲ್ಲಿ ತೀರ್ಪು ನಮ್ಮ ಕಡೆ ಆಗಿ, ನಾನು ಲಗ್ನದ ಮಾತೆತ್ತಿದಾಗ ಅವನು ಹಿರಿಯರ ಮುಂದೆ ಹೇಳಿಬಿಟ್ಟ: "ಮನಸಿನ್ಯಾಗ ಏನಿತ್ತೋ ಏನೋ. ಭಂಡಾರ ಹಿಡಿದು ಬ್ಯಾಡಂದ ಹೆಣ್ಣಿಗೆ ತಾಳಿ ಕಟ್ಟಿದ್ರ ಆಕಿಗೇ ಕೇಡು." ಬೂದೆಪ್ಪ ಅವನ ಕಾಲು ಹಿಡಿದ, ದಂಡ ಕೊಡುತ್ತೇನೆಂದ, ಬರಿಗಾಲಲ್ಲಿ ಎಲ್ಲಿಗೆ ಬೇಕಾದರೂ ನಡೆಯುತ್ತೇನೆಂದ. ಹಿರಿಯರು ಒಪ್ಪಲಿಲ್ಲ. ತನಗೆ ಕೇಡು ಎಂದಿದ್ದರೆ ಅವನು ಅಂಜುತ್ತಿರಲಿಲ್ಲ. ನಿನಗೆ ಎಂದದ್ದಕ್ಕೆ ಎದ್ದು ಹೋದ. ಆಮೇಲೆ ಕುರಿ ಹೊಡೆದುಕೊಂಡು ಮಾನ್ವಿಯ ಕಡೆ ಹೋದವನು ಮೊನ್ನೆ ಬಂದ. ಅವರವ್ವ ತೋರಿಸಿದ ಹೆಣ್ಣಿಗೆ ಹೂಂ ಅಂದಿದ್ದಾನೆ, ಹೆಣ್ಣಿನ ಮುಖವನ್ನೂ ನೋಡಿಲ್ಲ.

ಬಂದ ಪರಿಹಾರ ನಿನ್ನ ಹೆಸರಿನಲ್ಲೇ ಬ್ಯಾಂಕಿನಲ್ಲಿದೆ, ನಾನು ಮುಟ್ಟಿಲ್ಲ. ಅವನನ್ನು ಮಾತ್ರ ಶಪಿಸಬೇಡ. ಬೈಯುವುದಿದ್ದರೆ ನನ್ನನ್ನು ಬೈ, ಕಾಗದದಲ್ಲಿ ಬೈದರೂ ಓದುತ್ತೇನೆ. ಬೀರಪ್ಪ ನಿನ್ನ ಕೈಗೆ ಬಲ ಕೊಡಲಿ, ನಿನ್ನ ಸೂಜಿಗೆ ಎಂದೂ ಕೆಲಸ ತಪ್ಪದಿರಲಿ. ಬಡೇಬೀಗೆ ನಮ್ಮ ಸಲಾಮು ತಿಳಿಸು.

ನಿನ್ನ ಅಪ್ಪ,
ಮಾಳಿಂಗಪ್ಪ

ತಾ.ಕ.: ಇಷ್ಟುದ್ದ ಬರೆದೂ ಬರೆಯಬೇಕಾದ್ದನ್ನು ಬಿಟ್ಟಿದ್ದೇನೆ. "ಹೇಳಿಕೊಟ್ಟ ಮಾತೆಂದು ನನಗೇಕೆ ಮೊದಲೇ ತಿಳಿಸಲಿಲ್ಲ?" ಎಂದು ನೀನು ಕೇಳುತ್ತೀಯ. ಆ ದಿನ ಕಟಕಟೆ ಹತ್ತುವ ಮೊದಲು ಕೋರ್ಟಿನ ಬಾಗಿಲಲ್ಲಿ ಬೂದೆಪ್ಪ, "ಬಾಲಿಗೆ ಒಂದ್ ಮಾತು ಹೇಳಿ ಬರ್ತೀನಿ ಮಾವಾ, ಇಲ್ಲಂದ್ರ ಆಕಿ ಅಳ್ತಾಳ" ಎಂದ. ನಾನು ಅವನ ರಟ್ಟೆ ಹಿಡಿದು ನಿಲ್ಲಿಸಿದೆ. ಇದನ್ನು ವಕೀಲರು ಹೇಳಿಕೊಟ್ಟಿರಲಿಲ್ಲ. ಕೇಸು ಮುಗಿಯುವ ತನಕ ಯಾರೂ ಬಾಯಿ ಬಿಡಬಾರದೆಂದವನೂ ನಾನೇ. ಮುಗಿದ ಮೇಲೆ ನನಗೇ ಬಾಯಿ ಬರಲಿಲ್ಲ. ಸಾಹೇಬರ ಮುಂದೆ ನೀನು ಅಳಬೇಕಾಗಿತ್ತು ಯವ್ವಾ, ನಿಜವಾಗಿ ಅಳಬೇಕಾಗಿತ್ತು. ನೀನು ಅತ್ತೆ. ತೀರ್ಪಿನಲ್ಲಿ ಅದನ್ನೂ ಬರೆದಿದ್ದಾರೆ.