ಎರಿ ದಾರ್ಯಾಗ ಬ್ರೇಕು

ಜುಲೈ ೧೯, ಶನಿವಾರ. ರಾಣೆಬೆನ್ನೂರು.

ಅತ್ತಿಯ ಸೀರಿ ಇನ್ನೂ ಬಕೆಟ್ಟಿನ್ಯಾಗ ನೆನ್ಯಾಕತ್ತೈತಿ. ನಾ ಒಗ್ಯಾಂಗಿಲ್ಲ.

ಹಲಗೇರಿ ಹೊಲದ ದಾರಿ ಪೂರಾ ಕರಿ ಎರಿ ಮಣ್ಣು, ಮಳಿಗೆ ಬೆಣ್ಣಿ ಆಗಿತ್ತು. ಇವರು ಕೆಂಪು ಮಸಾರಿ ನೆಲದಾಗ ಗಾಡಿ ಕಲ್ತವರು. ಜೀಪಿನ ಹಿಂದಿನ ಗಾಲಿ ಜಾರಿದ ಕೂಡ್ಲೆ ಬ್ರೇಕ್ ಒತ್ತಿದ್ರು.

"ಬ್ರೇಕ್ ಬಿಡ್ರಿ, ಹಿಂದಿನ ಗಾಲಿ ಜಾರಿದ ಕಡೇನ ಸ್ಟೇರಿಂಗ್ ತಿರಗಸ್ರಿ" ಅಂದೆ. ತವರುಮನಿ ಹೊಸರಿತ್ತ್ಯಾಗ ಅಪ್ಪ ಕಲಿಸಿದ್ದು.

"ನನ್ನ ಮಗಗ ಕಲಸಾಕ ಬರಬ್ಯಾಡ, ಬಾಯಿ ಮುಚಗೊಂಡು ಕುಂದ್ರು" ಅಂದ್ರು ಹಿಂದಿನ ಸೀಟಿನ್ಯಾಗ ಕುಂತಿದ್ದ ಅತ್ತಿ. ಇವರು ನಕ್ಕರು.

ಮುಚಗೊಂಡೆ. ಮುಂದಿನ ತಿರುವಿನ್ಯಾಗ ಮತ್ತ ಜಾರಿತು, ಇವರು ಮತ್ತ ಬ್ರೇಕ್ ಒತ್ತಿದ್ರು, ಗಾಡಿ ಸೀದಾ ತಗ್ಗಿನ್ಯಾಗ. ನೂಕಾಕ ಅವ್ವ ಮಗ ಇಬ್ಬರನ್ನೂ ಇಳಿಸಿ ನಾ ಸ್ಟೇರಿಂಗ್ ಹಿಡದೆ. ಗಾಲಿ ತಿರುಗಿದ್ದ ತಡ, ರಾಡಿ ಅತ್ತಿ ಮಾರಿ ತುಂಬ. ಗಾಡಿ ಮ್ಯಾಲೆ ಬಂದಿತ್ತು. ಬೇಕಂತನ ಇನ್ನೊಂದೀಟು ಎಕ್ಸಲೇಟರ್ ಒತ್ತಿದೆ.

ಊಟಾದ ಮ್ಯಾಲೆ ಇವರು ಅಡಗಿ ಮನಿಗೆ ಬಂದು ಮೆಲ್ಲಕ ಕೇಳಿದ್ರು, "ಸುಧಾ, ಗಾಲಿ ಜಾರಿದ್ರ ಯಾಕಡೆ ತಿರಗಸಬೇಕಂದಿ?"

"ನಿಮ್ಮವ್ವನ್ನ ಕೇಳ್ರಿ" ಅಂದೆ.

ಮಳಿ ಮತ್ತ ಹಿಡದೈತಿ. ನಾಳೆ ಬೆಳಿಗ್ಗೆ ಮತ್ತ ಅದ ದಾರಿಗೆ ಹೋಗಬೇಕಂತ. ನನಗ ತಲಿನೋವು ಅಂತ ಆಗ್ಲೇ ಹೇಳಿಬಿಟ್ಟೇನಿ.