ತೊಡೆಮೂಳೆ ಕೂಡಿತು, ನೀನು ಬಾ

ಭಾನುವಾರ, ಬೆಳಿಗ್ಗೆ

ನನ್ನ ಮೊದ್ದು ತಂಗಿಗೆ,

ಫೋನ್ ಮಾಡಿದರೆ ಎತ್ತುವುದಿಲ್ಲ, ಮನೆಗೆ ಬಂದರೆ ಬಾಗಿಲು ತೆರೆಯುವುದಿಲ್ಲ. ಅದಕ್ಕೇ ಈ ಕಾಗದವನ್ನು ನಿನ್ನ ಬಾಗಿಲ ಸಂದಿಯಲ್ಲಿ ತೂರಿಸುತ್ತಿದ್ದೇನೆ. ಹರಿದು ಬಿಸಾಕಿದರೆ ನೋಡು!

ನಿನ್ನ ಕಾರಿನಲ್ಲಿ ತೊಡೆಮೂಳೆ ಮುರಿದುಕೊಂಡ ನನ್ನ ಮಗಳು ನಿನ್ನೆ ಗೋಡೆ ಹಿಡಿಯದೆ ನಡೆದಳು. ಬಾತುಕೋಳಿ ನಡಿಗೆ, ಆದರೂ ನಡಿಗೆಯೇ. ಅವಳಪ್ಪ ಕಣ್ಣೊರೆಸಿಕೊಂಡು, ಈರುಳ್ಳಿ ಹೆಚ್ಚುತ್ತಿದ್ದೆ ಎಂದರು. ಕೈಯಲ್ಲಿದ್ದದ್ದು ಸೌತೆಕಾಯಿ.

ಸೊಂಟದಿಂದ ಪಾದದವರೆಗೆ ಪ್ಲಾಸ್ಟರ್ ಇದ್ದಾಗ ಪಕ್ಕದ ಮನೆಯ ಬಡಗಿ ಒಂದು ಹಲಗೆಗೆ ಗಾಲಿ ಹಾಕಿಕೊಟ್ಟಿದ್ದ. ಅದರ ಮೇಲೆ ಬೋರಲು ಮಲಗಿ ಮನೆಯೆಲ್ಲ ಸುತ್ತುತ್ತಾ, ನನ್ನ ಹಿಮ್ಮಡಿಗೆ ಗುದ್ದಿ, ದಾರಿ ಬಿಡಮ್ಮಾ ಅಂತ ನನಗೇ ಜೋರು ಮಾಡುತ್ತಿದ್ದಳು.

ನಡುವೆ ನಾನೊಂದು ರಾದ್ಧಾಂತ ಮಾಡಿದೆ. ಎಕ್ಸ್-ರೇಯಲ್ಲಿ ಮುರಿದ ತುದಿಗಳು ಒಂದರ ಪಕ್ಕ ಒಂದು ಸರಿದು ಕೂತಿದ್ದವು. ನನ್ನ ಮಗುವನ್ನು ಕುಂಟಿ ಮಾಡಿಬಿಟ್ಟಿರಲ್ಲ ಎಂದು ಡಾಕ್ಟರಮ್ಮನ ಮೇಲೆ ಹರಿಹಾಯ್ದೆ. ಬೇಕಂತಲೇ ಹಾಗೆ ಬಿಟ್ಟಿದೀನಿ ಕಣಮ್ಮ, ಈ ವಯಸ್ಸಲ್ಲಿ ಮುರಿದ ಮೂಳೆ ಇನ್ನೊಂದಕ್ಕಿಂತ ಜೋರಾಗಿ ಬೆಳೆಯುತ್ತೆ, ತುದಿಗೆ ತುದಿ ಸೇರಿಸಿದ್ರೆ ಆ ಕಾಲೇ ಉದ್ದ ಆಗಿಬಿಡುತ್ತೆ ಅಂದರು. ಕೈಮುಗಿದು ಎಕ್ಸ್-ರೇ ಎತ್ತಿಕೊಂಡು ಬಂದೆ. ಈಗ ಆ ಕಾಲು ಸರಿಸಮಕ್ಕೆ ಬರುತ್ತಿದೆಯಂತೆ.

ನೀನೊಬ್ಬಳೇ ಸರಿಹೋಗಿಲ್ಲ. ಕೆಂಪು ದೀಪ ದಾಟಿ ಬಂದು ನಿನ್ನ ಕಾರಿಗೆ ಗುದ್ದಿದವನು ಇಂದಿಗೂ ಗಾಡಿ ಓಡಿಸುತ್ತಿದ್ದಾನೆ. ನೀನು ರಿಪೇರಿಯಾಗಿ ಬಂದ ಕಾರಿಗೆ ಮುಸುಕು ಹಾಕಿ ಮೂಲೆ ಸೇರಿದ್ದೀಯ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರೆ. ಇಲ್ಲಿ ಎಮ್ಮೆ ತಾನೇ ಬರೆ ಹಾಕಿಕೊಂಡು ಕೂತಿದೆ. ನನಗೆ ನಿನ್ನ ಮೇಲೆ ಸಿಟ್ಟಿಲ್ಲ ಕಣೇ, ಅಂದೂ ಇರಲಿಲ್ಲ.

ನಾಳೆಯಿಂದ ಅವಳಿಗೆ ಶಾಲೆ. ಅವಳಪ್ಪ ಟ್ಯಾಕ್ಸಿ ಕರೆಯುತ್ತೇನೆ ಎಂದರೆ, ಚಿಕ್ಕಮ್ಮನ ಕಾರಲ್ಲೇ ಹೋಗೋದು ಅಂತ ಹಟ ಹಿಡಿದಿದ್ದಾಳೆ. ರಾತ್ರಿ ಮಲಗುವಾಗ ಕೇಳಿದಳು: ಚಿಕ್ಕಮ್ಮ ಯಾಕೆ ಬರಲ್ಲ, ನಾನು ಅವರ ಕಾರು ಕೆಡಿಸಿದೆ ಅಂತ ಕೋಪಾನಾ? ಅಲ್ಲ ಅಂತ ನಾನು ಎಷ್ಟು ಹೇಳಿದರೂ ನಂಬುತ್ತಿಲ್ಲ. ನೀನೇ ಬಂದು ಹೇಳಬೇಕು.

ಎಂಟು ಗಂಟೆಗೆ ಗೇಟಿನ ಬಳಿ ಕಾಯುತ್ತಿರುತ್ತೇವೆ.

ಇಂತು ನಿನ್ನ
ಬಾಯಿಬಡುಕಿ ಅಕ್ಕ

ತಾ.ಕ.: ಅಕ್ಕ ಗಟ್ಟಿಗಿತ್ತಿ ಎಂದುಕೊಳ್ಳಬೇಡ. ಅಂದಿನಿಂದ ನಾನೂ ಕಾರು ಹತ್ತಿಲ್ಲ. ಆಸ್ಪತ್ರೆಗೆ ಅಪ್ಪ-ಮಗಳನ್ನು ಟ್ಯಾಕ್ಸಿಯಲ್ಲಿ ಕಳಿಸಿ, ನಾನು ನೆಪ ಹೇಳಿ ಬಸ್ಸಿನಲ್ಲಿ ಹೋಗುತ್ತಿದ್ದೆ. ನಾಳೆ ಹತ್ತುತ್ತೇನೆ. ನೀನು ಓಡಿಸುವುದಾದರೆ ಮಾತ್ರ.